ಬೆಂಕಿ ರೋಗದ ಸಕ್ಕರೆ ಮುಸುಕು

ಚಿತ್ತಾ ಮಳೆ ಸೋನೆಯಾಗಿ ಹಿಡಿದುಕೊಂಡು ನಾಲ್ಕು ದಿನ ಬಿಸಿಲು ಮುಖ ತೋರಿಸದಿದ್ದರೆ, ಕ್ಯಾಸಂಬಳ್ಳಿ ಸುತ್ತಿನ ರಾಗಿ ಹೊಲಕ್ಕಿಳಿದವರು ತೆನೆಗಿಂತ ಮೊದಲು ತೆನೆಯ ಕುತ್ತಿಗೆಯನ್ನು ನೋಡುತ್ತಾರೆ. ದಂಟು ತೆನೆಯನ್ನು ಸೇರುವ ಆ ಎರಡು ಮೂರು ಅಂಗುಲ ಕಂದಿ ಕಪ್ಪಾಗಿದ್ದರೆ ಆ ತೆನೆಯ ಕಥೆ ಮುಗಿಯಿತು. ಹಾಲು ತುಂಬಬೇಕಾದ ಕಾಳು ಜೊಳ್ಳಾಗುತ್ತದೆ, ತೆನೆ ಜೋತುಬೀಳುತ್ತದೆ, ಗಾಳಿ ಜೋರಾದರೆ ಕುತ್ತಿಗೆ ಮುರಿದು ನೆಲ ಸೇರುತ್ತದೆ. ಇದೇ ಬೆಂಕಿ ರೋಗ. ಸಸಿ ಮಡಿಯಲ್ಲಿರುವಾಗಲೂ ಇದು ಬರುತ್ತದೆ. ಎಲೆಯ ಮೇಲೆ ಕಣ್ಣಿನಾಕಾರದ, ನಡುವೆ ಬೂದಿ ಬಣ್ಣದ, ಅಂಚಿಗೆ ಕಂದು ಬಣ್ಣದ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತದೆ. ಎಲೆಗೆ ಬಂದದ್ದನ್ನು ಪೈರು ಹೇಗೋ ತಡೆದುಕೊಳ್ಳುತ್ತದೆ. ಕುತ್ತಿಗೆಗೆ ಬಂದರೆ ಮಾತ್ರ ಬಚಾವಾಗುವ ದಾರಿ ಇಲ್ಲ.

ಹೊರಗಿನವರಿಗೆ ಈ ಸೀಮೆ ಎಂದರೆ ಚಿನ್ನ. ಕೆಜಿಎಫ್‌ನ ಆ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ರಾಜಕೀಯ ಬಲ್ಲವರಿಗೆ ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ನೆನಪಾಗಬಹುದು, ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ ಅವರು. ಆದರೆ ಚಿನ್ನ ತೆಗೆಯುತ್ತಿದ್ದಾಗಲೂ, ನಿಂತ ಮೇಲೂ, ಕೆಜಿಎಫ್‌ನಿಂದ ಬಂಗಾರಪೇಟೆಯವರೆಗೆ ಹಳ್ಳಿ ಮನೆಗಳ ಒಲೆಯ ಮೇಲೆ ಬೆಂದದ್ದು ರಾಗಿ ಮುದ್ದೆಯೇ. ಮಳೆಯನ್ನೇ ನಂಬಿ ಬೆಳೆಯುವ ಈ ಬೆಳೆಗೆ ಬರ ದೊಡ್ಡ ಶತ್ರುವಲ್ಲ, ಅದನ್ನು ರಾಗಿ ಸಹಿಸಿಕೊಳ್ಳುತ್ತದೆ. ಮಳೆ ಚೆನ್ನಾಗಿ ಬಂದ ವರ್ಷವೇ ಬೆಂಕಿ ರೋಗ ಬರುತ್ತದೆ ಎಂಬುದು ರೈತರ ಹೊಟ್ಟೆ ಉರಿಸುವ ಸಂಗತಿ.

ಭಾರತದಲ್ಲಿ ರಾಗಿಯ ಬೆಂಕಿ ರೋಗವನ್ನು ಮೊದಲು ದಾಖಲಿಸಿದವರು ಮೆಕ್‌ರೇ. ಅದು 1920ರ ಹೊತ್ತಿಗೆ, ತಂಜಾವೂರಿನ ಮುಖಜ ಭೂಮಿಯಲ್ಲಿ. 1940ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಇದನ್ನು ಅಧ್ಯಯನ ಮಾಡಿದವರು ವೆಂಕಟರಾಯನ್. ಈ ರೋಗದಿಂದ ಇಳುವರಿಯಲ್ಲಿ ಸರಾಸರಿ ಶೇ 28ರಷ್ಟು ನಷ್ಟ ಎಂಬುದು ರಾಗಿ ವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ಲೆಕ್ಕ. ಸರಾಸರಿ ಎಂಬುದು ಮೋಸದ ಮಾತು: ಒಬ್ಬರ ಹೊಲ ಪೂರ್ತಿ ಹೋಗಿ ಪಕ್ಕದವರದು ಉಳಿದರೂ ಸರಾಸರಿ ಅಷ್ಟೇ ಬರುತ್ತದೆ.

ರೋಗ ತರುವುದು ಮ್ಯಾಗ್ನಪೋರ್ತೆ ಒರೈಝೆ ಎಂಬ ಶಿಲೀಂಧ್ರ. ಇದರಲ್ಲಿ ಹಲವು ವಂಶಗಳಿವೆ. ಒಂದಕ್ಕೆ ಭತ್ತ ಬೇಕು, ಇನ್ನೊಂದಕ್ಕೆ ರಾಗಿ, ಮತ್ತೊಂದಕ್ಕೆ ಗೋಧಿ. ಗೋಧಿಯ ವಂಶ 1985ರಲ್ಲಿ ಬ್ರೆಜಿಲಿನಲ್ಲಿ ಮೊದಲು ಕಾಣಿಸಿಕೊಂಡು, 2016ರಲ್ಲಿ ಬಾಂಗ್ಲಾದೇಶಕ್ಕೆ ಬಂದಿಳಿದು, ಭಾರತದ ಗೋಧಿ ಸೀಮೆಯ ನಿದ್ದೆ ಕೆಡಿಸಿತು. ಭತ್ತ ಜಗತ್ತಿನ ಅರ್ಧದಷ್ಟು ಜನರ ಊಟವಾದ್ದರಿಂದ ಭತ್ತದ ವಂಶದ ಮೇಲೆ ಸಂಶೋಧನೆ ಹೇರಳವಾಗಿ ನಡೆದಿದೆ. 2005ರಲ್ಲೇ ಅದರ ಜೀನೋಮು ಓದಿ ಮುಗಿಸಿದ್ದರು. ವಂಶವಾಹಿಗಳು 11 ಸಾವಿರ ಚಿಲ್ಲರೆ. ರಾಗಿಯ ಪಾಲಿಗೆ ಬಂದದ್ದು ಭತ್ತಕ್ಕಾಗಿ ಮಾಡಿದ ವಿಜ್ಞಾನದ ಮಿಗುತಾಯ. ಬಡವರ ಬೆಳೆಗೆ ಇದು ಹೊಸದೇನಲ್ಲ. ಈ ವಿಷಯದಲ್ಲಿ ಮಾತ್ರ ಆ ಮಿಗುತಾಯವೂ ಬೆಲೆಯುಳ್ಳದ್ದೇ.

ಶಿಲೀಂಧ್ರ ಎಲೆಯೊಳಗೆ ನುಗ್ಗುವ ಬಗೆ ಸಸ್ಯರೋಗ ಶಾಸ್ತ್ರದ ಅತ್ಯಂತ ಬೆರಗಿನ ಅಧ್ಯಾಯಗಳಲ್ಲಿ ಒಂದು. ಗಾಳಿಯಲ್ಲಿ ಬಂದ ಮೂರು ಕೋಶಗಳ ಬೀಜಕವೊಂದು ಒದ್ದೆ ಎಲೆಯ ಮೇಲೆ ಕೂತು, ತುದಿಯಿಂದ ಅಂಟು ಬಿಟ್ಟು ಹಿಡಿದುಕೊಳ್ಳುತ್ತದೆ. ಮೊಳಕೆಯೊಡೆದು, ಎಲೆಯ ಮೇಣವನ್ನು ತಡವಿ, ತಾನು ಸರಿಯಾದ ಜಾಗಕ್ಕೆ ಬಂದಿರುವುದನ್ನು ಖಚಿತಪಡಿಸಿಕೊಂಡು, ತುದಿಯಲ್ಲಿ ಗುಮ್ಮಟದಂಥ ಒಂದು ಕೋಶವನ್ನು ಕಟ್ಟುತ್ತದೆ. ಅದಕ್ಕೆ ಅಪ್ರೆಸೋರಿಯಂ ಎನ್ನುತ್ತಾರೆ. ಅದರ ಗೋಡೆಗೆ ಒಳಗಿನಿಂದ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಲೇಪ. ಒಳಗೆ ಗ್ಲಿಸರಾಲ್ ತುಂಬುತ್ತಾ ಹೋದಂತೆ ನೀರು ಒಳನುಗ್ಗಿ ಒತ್ತಡ ಏರುತ್ತದೆ. ಅಳೆದು ನೋಡಿದಾಗ ಸಿಕ್ಕಿದ್ದು 8 ಮೆಗಾಪಾಸ್ಕಲ್‌ವರೆಗಿನ ಒತ್ತಡ, ಅಂದರೆ ಕಾರಿನ ಟೈರಿನೊಳಗಿರುವುದರ ಸುಮಾರು ನಲವತ್ತು ಪಟ್ಟು. ಆ ಒತ್ತಡದಿಂದ ಸೂಜಿಮೊನೆಯಂಥ ಎಳೆಯೊಂದು ಎಲೆಯ ಹೊರಪದರವನ್ನು ತೂತು ಮಾಡಿ ಒಳಗಿಳಿಯುತ್ತದೆ.

ಇಲ್ಲಿಯವರೆಗಿನದು ತೋಳ್ಬಲ. ಒಳಗೆ ಹೋದ ಮೇಲೆ ತೋಳ್ಬಲ ಸಾಲದು. ಗಿಡದ ಕೋಶ ಸುಮ್ಮನೆ ಕೂತಿರುವುದಿಲ್ಲ. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತುವಿದೆ. ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವುದೂ ಅದೇ. ಎನ್-ಅಸಿಟೈಲ್ ಗ್ಲೂಕೋಸಮೈನ್ ಎಂಬ ಸಕ್ಕರೆಯ ಅಣುಗಳು ಸಾಲಾಗಿ ಪೋಣಿಸಿಕೊಂಡರೆ ಕೈಟಿನ್. ಗಿಡದಲ್ಲಿ ಕೈಟಿನ್ ಇಲ್ಲ. ಹಾಗಾಗಿ ತನ್ನ ಕೋಶಗಳ ನಡುವೆ ಕೈಟಿನ್ ಚೂರು ಸಿಕ್ಕಿತೆಂದರೆ ಪರಕೀಯರು ಬಂದಿದ್ದಾರೆಂದು ಗಿಡಕ್ಕೆ ಅನುಮಾನವೇ ಬೇಕಿಲ್ಲ. ಕೈಟಿನನ್ನು ಕತ್ತರಿಸುವ ಕಿಣ್ವಗಳನ್ನು ಗಿಡ ಸುರಿಯುತ್ತದೆ; ಉದುರಿದ ಚೂರುಗಳನ್ನು ಹಿಡಿಯಲು ಕೋಶದ ಮೇಲ್ಮೈಯಲ್ಲಿ ಗ್ರಾಹಕಗಳನ್ನು ಇಟ್ಟುಕೊಂಡಿರುತ್ತದೆ. ಭತ್ತದಲ್ಲಿ ಅಂಥ ಒಂದು ಗ್ರಾಹಕವನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಗುರುತಿಸಿ ಸಿಇಬಿಐಪಿ ಎಂದು ಹೆಸರಿಟ್ಟರು. ಕೈಟಿನ್ ಚೂರು ಅದಕ್ಕೆ ತಾಕಿದ ಕೆಲವೇ ನಿಮಿಷಗಳಲ್ಲಿ ಕೋಶ ಹೈಡ್ರೋಜನ್ ಪೆರಾಕ್ಸೈಡಿನಂಥ ಉಗ್ರ ಆಮ್ಲಜನಕ ರೂಪಗಳನ್ನು ಉಕ್ಕಿಸುತ್ತದೆ. ಒಳನುಗ್ಗಿದ ಎಳೆ ಅಲ್ಲಿಗೇ ನಿಲ್ಲುತ್ತದೆ.

ನಿಲ್ಲಬೇಕಿತ್ತು. ಆದರೂ ಕುತ್ತಿಗೆ ಕಪ್ಪಾಗುತ್ತದೆ, ಏಕೆ?

ಶಿಲೀಂಧ್ರ ತನ್ನ ಜೊತೆಗೆ ಒಬ್ಬ ಸಹಾಯಕನನ್ನು ಕರೆದೊಯ್ಯುತ್ತದೆ. ಎಸ್‌ಎಲ್‌ಪಿ1 ಎಂಬ ಪ್ರೋಟೀನು. ಮನೆಗೆ ನುಗ್ಗಿದ ಕಳ್ಳನ ಹಿಂದೆಯೇ ಇನ್ನೊಬ್ಬ ಬಂದು ಹೆಜ್ಜೆ ಗುರುತುಗಳನ್ನು ಒರೆಸುತ್ತಾ ನಡೆದಂತೆ, ಈ ಪ್ರೋಟೀನು ಉದುರಿದ ಕೈಟಿನ್ ಚೂರುಗಳನ್ನು ಗಿಡದ ಗ್ರಾಹಕಕ್ಕೆ ಸಿಗುವ ಮೊದಲೇ ತಾನು ಹಿಡಿದುಕೊಳ್ಳುತ್ತದೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನಿಕೋಲಸ್ ಟಾಲ್ಬಟ್ ಅವರ ತಂಡ 2012ರಲ್ಲಿ ಇದನ್ನು ತೋರಿಸಿತು. ಅದಕ್ಕೂ ಮೊದಲೇ, 2010ರಲ್ಲಿ, ಟೊಮೆಟೊ ಎಲೆಗೆ ಬೂಷ್ಟು ತರುವ ಶಿಲೀಂಧ್ರದಲ್ಲಿ ಇಸಿಪಿ6 ಎಂಬ ಇಂಥದೇ ಪ್ರೋಟೀನು ಇದೇ ಕೆಲಸ ಮಾಡುವುದು ಗೊತ್ತಾಗಿತ್ತು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊರುವವರಿಗೂ ಈ ಕಥೆಯಲ್ಲಿ ಪಾಲಿದೆ ಎಂದಾಯಿತು.

ಸಕ್ಕರೆಯ ವಿಷಯ ಬರುವುದು ಇಲ್ಲಿ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರ ಎಂದು ಶಾಲೆಯಲ್ಲಿ ಓದಿರುತ್ತೇವೆ. ಕೋಶದಿಂದ ಹೊರಗೆ ಹೋಗುವ ಪ್ರೋಟೀನುಗಳಲ್ಲಿ ಬಹುಪಾಲು ಬರಿಯ ಸರವಾಗಿ ಹೋಗುವುದಿಲ್ಲ. ಅವುಗಳ ಮೈಮೇಲೆ ಅಲ್ಲಲ್ಲಿ ಸಕ್ಕರೆಯ ಕವಲುಗಳನ್ನು ಕೂಡಿಸಿ ಕಳಿಸಲಾಗುತ್ತದೆ. ಇದೇ ಗ್ಲೈಕೋಸಿಲೇಷನ್. ನಮ್ಮ ಮೈಯಲ್ಲೂ ಇದು ನಡೆಯುತ್ತಲೇ ಇರುತ್ತದೆ. ರಕ್ತದ ಗುಂಪು ಎ ಆಗುವುದೋ ಬಿ ಆಗುವುದೋ ನಿರ್ಧಾರವಾಗುವುದು ಕೆಂಪು ಕಣದ ಮೇಲಿನ ಸಕ್ಕರೆ ಕವಲಿನ ತುದಿಯಲ್ಲಿರುವ ಒಂದೇ ಒಂದು ಸಕ್ಕರೆಯಿಂದ. ಆ ತುದಿಯ ಸಕ್ಕರೆಯೇ ಇಲ್ಲದಿದ್ದರೆ ಓ ಗುಂಪು. ಆ ಒಂದು ಸಕ್ಕರೆಯ ವ್ಯತ್ಯಾಸದಿಂದ ಹೊಂದದ ರಕ್ತ ಕೊಟ್ಟರೆ ಜೀವಕ್ಕೇ ಕುತ್ತು. ಸಕ್ಕರೆಯ ಗುರುತು ಅಷ್ಟು ಗಟ್ಟಿ. ಸಕ್ಕರೆ ಕಾಯಿಲೆಯವರು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಇದಕ್ಕೆ ಬೆರೆಸಬಾರದು. ಅಲ್ಲಿ ರಕ್ತದಲ್ಲಿ ಹೆಚ್ಚಾದ ಗ್ಲೂಕೋಸು ತಾನಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಗ್ಲೈಕೋಸಿಲೇಷನ್‌ನಲ್ಲಿ ಯಾವ ಸಕ್ಕರೆ, ಎಲ್ಲಿ, ಯಾವ ಕೋನದಲ್ಲಿ ಎಂಬುದನ್ನೆಲ್ಲ ಕಿಣ್ವಗಳು ಒಂದೊಂದಾಗಿ ನಿರ್ಧರಿಸುತ್ತವೆ.

ಶಿಲೀಂಧ್ರದ ಕೋಶದೊಳಗೆ ಈ ಕವಲು ತಯಾರಾಗುವ ಕ್ರಮ ಬಹಳ ಕಟ್ಟುನಿಟ್ಟು. ಪೂರ್ತಿಯಾದ ಕವಲಿನಲ್ಲಿ 14 ಸಕ್ಕರೆಗಳಿರುತ್ತವೆ. ಬುಡಕ್ಕೆ ಎರಡು ಎನ್-ಅಸಿಟೈಲ್ ಗ್ಲೂಕೋಸಮೈನ್, ಅದರ ಮೇಲೆ 9 ಮ್ಯಾನೋಸ್, ತುದಿಗೆ 3 ಗ್ಲೂಕೋಸ್. ಕೋಶದ ಒಳಬಲೆಯ ಹೊರಮುಖದಲ್ಲಿ ಮೊದಲ ಏಳು ಸಕ್ಕರೆಗಳು ಕೂಡಿಕೊಂಡು, ಕವಲು ಬಲೆಯ ಒಳಕ್ಕೆ ಮಗುಚಿಕೊಳ್ಳುತ್ತದೆ. ಉಳಿದ ಏಳು ಅಲ್ಲಿ ಸೇರುತ್ತವೆ. ಒಳಗೆ ಬಂದ ತಕ್ಷಣ ಸೇರುವ ಮೊದಲ ಮ್ಯಾನೋಸ್, ಎಂದರೆ ಮ್ಯಾನೋಸ್‌ಗಳ ಒಟ್ಟು ಲೆಕ್ಕದಲ್ಲಿ ಆರನೆಯದು, ಎಎಲ್‌ಜಿ3 ಎಂಬ ಕಿಣ್ವದ ಕೆಲಸ. ಕೊನೆಗೆ ಇಡೀ ಕವಲನ್ನು ಪ್ರೋಟೀನಿನ ಆಸ್ಪರಜಿನ್ ಎಂಬ ಅಮೈನೋ ಆಮ್ಲದ ಮೇಲೆ ನೆಡಲಾಗುತ್ತದೆ. ತುದಿಯ ಗ್ಲೂಕೋಸುಗಳು ಒಂದೊಂದಾಗಿ ಕಳಚುತ್ತಾ, ಪ್ರೋಟೀನು ಸರಿಯಾಗಿ ಮಡಚಿಕೊಂಡಿದೆಯೇ ಎಂಬ ತಪಾಸಣೆ ನಡೆಯುತ್ತದೆ. ಮಡಚಿಕೊಳ್ಳದ್ದಕ್ಕೆ ಹೊರಗೆ ಹೋಗುವ ಅಪ್ಪಣೆ ಇಲ್ಲ. ಅದನ್ನು ಕೋಶವೇ ಒಡೆದು ಹಾಕುತ್ತದೆ.

ಬುಡದಲ್ಲಿರುವ ಎರಡು ಸಕ್ಕರೆಗಳ ಹೆಸರನ್ನು ಇನ್ನೊಮ್ಮೆ ನೋಡಿ. ಕೈಟಿನ್ ಆಗಿರುವುದೂ ಅದೇ ಎನ್-ಅಸಿಟೈಲ್ ಗ್ಲೂಕೋಸಮೈನ್‌ನಿಂದಲೇ. ಗಿಡದ ಕೈಗೆ ಶಿಲೀಂಧ್ರವನ್ನು ಹಿಡಿದುಕೊಡುವ ಸಕ್ಕರೆ ಯಾವುದೋ, ಆ ಗುಟ್ಟನ್ನು ಮುಚ್ಚುವ ಪ್ರೋಟೀನನ್ನು ಕಾಯುವ ಕವಲಿನ ಬುಡವೂ ಅದೇ ಸಕ್ಕರೆ. ಇದನ್ನು ಮೊದಲ ಬಾರಿ ಓದಿದಾಗ ಪ್ರಕೃತಿಗೆ ತಮಾಷೆಯ ಗುಣವಿದೆ ಅನಿಸಿತು.

ಈ ಕವಲು ಬರಿಯ ಅಲಂಕಾರವಲ್ಲ ಎಂಬುದಕ್ಕೆ ಪುರಾವೆ 2014ರಲ್ಲಿ ಬಂತು. ಬೀಜಿಂಗ್‌ನ ಚೀನಾ ಕೃಷಿ ವಿಶ್ವವಿದ್ಯಾಲಯದ ಯೂ-ಲಿಯಾಂಗ್ ಪೆಂಗ್ ಅವರ ತಂಡ, ಟಾಲ್ಬಟ್ ಅವರನ್ನೂ ಸೇರಿಸಿಕೊಂಡು, ಭತ್ತದ ಬೆಂಕಿ ರೋಗದ ಶಿಲೀಂಧ್ರದಿಂದ ಎಎಲ್‌ಜಿ3 ವಂಶವಾಹಿಯನ್ನೇ ಕಿತ್ತು ಹಾಕಿ ನೋಡಿತು. ಶಿಲೀಂಧ್ರ ಸಾಯಲಿಲ್ಲ. ಎಲೆಯೊಳಗೆ ಇಳಿದ ಮೇಲೆ ಮಾತ್ರ ಅದರ ಎಳೆಗಳು ಹಬ್ಬದೆ ತಡೆದು ನಿಂತವು. ಸುತ್ತಲಿನ ಭತ್ತದ ಕೋಶಗಳು ಉಗ್ರ ಆಮ್ಲಜನಕವನ್ನು ಧಾರಾಳವಾಗಿ ಉಕ್ಕಿಸಿದ್ದವು. ಎಸ್‌ಎಲ್‌ಪಿ1 ಇಲ್ಲದ ಶಿಲೀಂಧ್ರವನ್ನು ಬಿಟ್ಟರೂ ಹೀಗೆಯೇ ಆಗುತ್ತಿತ್ತು. ಆ ಹೋಲಿಕೆಯ ಜಾಡು ಹಿಡಿದು ಹೋದಾಗ ಕಂಡದ್ದು ಇಷ್ಟು: ಎಸ್‌ಎಲ್‌ಪಿ1ರ ಮೈಮೇಲೆ ಸಕ್ಕರೆ ಕವಲು ಕೂರುವ ಜಾಗಗಳು ಮೂರು. ಮೂರೂ ಜಾಗಗಳಲ್ಲಿ ಕವಲು ಸರಿಯಾಗಿ ಕೂತಿರಬೇಕು. ತಪ್ಪಿದರೆ ಪ್ರೋಟೀನು ಗಟ್ಟಿಯಾಗಿ ಉಳಿಯುವುದಿಲ್ಲ, ಕೈಟಿನನ್ನು ಹಿಡಿಯುವ ಶಕ್ತಿಯೂ ಹೋಗುತ್ತದೆ. ಸಕ್ಕರೆ ಸರಿಯಿಲ್ಲದ ಸಹಾಯಕ ಗಿಡದೊಳಗೆ ಹೋಗಿ ಏನೂ ಮಾಡಲಾರ. ಕೈಟಿನ್ ಚೂರುಗಳು ಗ್ರಾಹಕಕ್ಕೆ ಸಿಗುತ್ತವೆ, ಗಿಡ ಎಚ್ಚರಗೊಳ್ಳುತ್ತದೆ.

2020ರಲ್ಲಿ ಇದೇ ಶಿಲೀಂಧ್ರದ ಸಕ್ಕರೆ ಹೊತ್ತ ಪ್ರೋಟೀನುಗಳ ಗಣತಿಯೂ ಪ್ರಕಟವಾಯಿತು. 355 ಪ್ರೋಟೀನುಗಳಲ್ಲಿ 559 ಕಡೆ ಇಂಥ ಕವಲುಗಳು ಸಿಕ್ಕವು. ಸಕ್ಕರೆಯ ಮುಸುಕು ಹೊದ್ದದ್ದು ಒಂದು ಎಸ್‌ಎಲ್‌ಪಿ1 ಮಾತ್ರವಲ್ಲ, ಒಂದು ಇಡೀ ದಂಡು.

ಇನ್ನೊಂದು ಬಗೆಯ ಸಕ್ಕರೆ ಲೇಪವೂ ಇದೆ, ಮ್ಯಾನೋಸನ್ನು ಸೆರಿನ್ ಅಥವಾ ಥ್ರಿಯೋನಿನ್ ಮೇಲೆ ಕೂರಿಸುವುದು. ಅದರ ಕಿಣ್ವಗಳಿಗೆ ಪಿಎಂಟಿ ಎಂದು ಹೆಸರು. ಸ್ಪೇನಿನ ಸೆವಿಲ್ಲೆಯ ಸಂಶೋಧಕರು 2009ರಲ್ಲಿ ಮುಸುಕಿನ ಜೋಳದ ಕಾಡಿಗೆ ರೋಗದ ಶಿಲೀಂಧ್ರದಿಂದ ಪಿಎಂಟಿ4 ಅನ್ನು ತೆಗೆದಾಗ, ಅದು ಪ್ರಯೋಗಾಲಯದ ತಟ್ಟೆಯಲ್ಲಿ ಎಂದಿನಂತೆ ಬೆಳೆಯಿತು. ಜೋಳದ ಎಲೆಯೊಳಗೆ ಇಳಿಯಲು ಮಾತ್ರ ಸೋತಿತು. ಎಲೆ ಮುಟ್ಟಿದ್ದೇನೆ ಎಂದು ತಿಳಿಸುವ ಪ್ರೋಟೀನಿನ ಮೇಲೆಯೇ ಮ್ಯಾನೋಸ್ ಕೂರಬೇಕಿತ್ತಂತೆ. ಬದುಕಲು ಅಡ್ಡಿಯಿಲ್ಲ, ರೋಗ ತರಲು ಆಗದು: ಔಷಧಿ ಕಂಪನಿಗಳ ಬಾಯಲ್ಲಿ ನೀರೂರಿಸುವ ಮಾತು ಇದು.

ಹಾಗಾದರೆ ಸಕ್ಕರೆ ಕೂರಿಸುವ ಕಿಣ್ವಗಳನ್ನು ನಿಲ್ಲಿಸುವ ಔಷಧಿಯೊಂದನ್ನು ಮಾಡಿ ಹೊಲಕ್ಕೆ ಹೊಡೆದರೆ ಆಯಿತಲ್ಲ? ಅಂಥ ವಸ್ತು ಆಗಲೇ ಇದೆ. ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾದಿಂದ ಜಪಾನಿನಲ್ಲಿ 1971ರಲ್ಲಿ ಸಿಕ್ಕ ಟ್ಯೂನಿಕಾಮೈಸಿನ್, 14 ಸಕ್ಕರೆಯ ಕವಲಿನ ಮೊಟ್ಟಮೊದಲ ಹೆಜ್ಜೆಯನ್ನೇ ತಡೆಯುತ್ತದೆ. ತೊಂದರೆ ಏನೆಂದರೆ ಅದು ಶಿಲೀಂಧ್ರವನ್ನೂ ತಡೆಯುತ್ತದೆ, ರಾಗಿಯನ್ನೂ, ಹೊಡೆಯುವ ಮನುಷ್ಯನನ್ನೂ. ಈ ಕವಲಿನ ಯಂತ್ರ ನಮಗೆಲ್ಲ ಒಂದೇ ಪೂರ್ವಜರಿಂದ ಬಂದದ್ದು. ಆದ್ದರಿಂದ ಅದು ಪ್ರಯೋಗಾಲಯದ ಶೀಶೆಯಲ್ಲೇ ಉಳಿದಿದೆ. ಪಿಎಂಟಿ ಹಾಗಲ್ಲ, ಗಿಡಗಳಲ್ಲಿ ಆ ಕಿಣ್ವಗಳಿಲ್ಲ. ಬೆಳೆಯ ಮಟ್ಟಿಗೆ ಸುರಕ್ಷಿತ ಗುರಿ ಎನ್ನಬಹುದು. ಆದರೆ ಮನುಷ್ಯರಲ್ಲಿ ಅದರ ಬಂಧುಗಳಿವೆ. ಅವು ಕೆಟ್ಟರೆ ಹುಟ್ಟುವ ಮಕ್ಕಳಿಗೆ ಉಗ್ರ ಸ್ನಾಯು ಕ್ಷಯ ಬರುತ್ತದೆ. ಶಿಲೀಂಧ್ರದ ಪಿಎಂಟಿಗೆ ಮಾತ್ರ ತಾಗಿ ಮನುಷ್ಯನದನ್ನು ಬಿಡುವ ಅಣು ಬೇಕು. ಸಕ್ಕರೆ ಔಷಧಿ ಬಂತು ಎಂದು ಅಂಗಡಿಯವರು ಹೇಳಿದರೆ ಸದ್ಯಕ್ಕೆ ನಂಬಬೇಡಿ.

ಕೊಲ್ಲದೆ ಆಯುಧ ಮಾತ್ರ ಕಸಿದುಕೊಳ್ಳುವ ಉಪಾಯಕ್ಕೆ ಒಂದು ಯಶಸ್ಸಿನ ಕಥೆ ಈಗಾಗಲೇ ರೈತರ ಕೈಯಲ್ಲಿದೆ, ಬಹಳ ಜನಕ್ಕೆ ಅದು ಹಾಗೆಂದು ಗೊತ್ತಿಲ್ಲ ಅಷ್ಟೆ. 1970ರ ದಶಕದಲ್ಲಿ ಬಂದ ಟ್ರೈಸೈಕ್ಲಜೋಲ್ ಬೆಂಕಿ ರೋಗದ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಗುಮ್ಮಟದ ಒಳಗಿನ ಮೆಲನಿನ್ ಲೇಪ ಆಗದಂತೆ ತಡೆಯುತ್ತದೆ. ಲೇಪವಿಲ್ಲದ ಗುಮ್ಮಟದಲ್ಲಿ ಒತ್ತಡ ನಿಲ್ಲುವುದಿಲ್ಲ, ಎಲೆ ತೂತಾಗುವುದಿಲ್ಲ. ಅದಕ್ಕೇ ಅದನ್ನು ರೋಗ ಬರುವ ಮುಂಚೆ ಹೊಡೆಯಬೇಕು. ಕುತ್ತಿಗೆ ಕಪ್ಪಾದ ಮೇಲೆ ಹೊಡೆದರೆ ದುಡ್ಡು ದಂಡ, ಏಕೆಂದರೆ ಅದು ತಡೆಯುವ ಹೆಜ್ಜೆ ಆಗಲೇ ದಾಟಿಹೋಗಿರುತ್ತದೆ. ಶಿಲೀಂಧ್ರ ಎಲ್ಲಿದೆ ಎಂಬುದರ ಜೊತೆಗೆ ಯಾವ ಹಂತದಲ್ಲಿದೆ ಎಂಬುದೂ ತಿಳಿದಿರಬೇಕು ಎಂದು ವಿಜ್ಞಾನಿಗಳು ಹೇಳುವುದರ ಅರ್ಥ ಇಷ್ಟೇ.

ಜಪಾನಿನಲ್ಲಿ ಮತ್ತೊಂದು ಪ್ರಯೋಗ ನಡೆದಿದೆ. ಶಿಲೀಂಧ್ರ ತನ್ನ ಕೈಟಿನ್ ಗೋಡೆಯ ಮೇಲೆ ಆಲ್ಫಾ-1,3-ಗ್ಲೂಕನ್ ಎಂಬ ಸಕ್ಕರೆಯ ಇನ್ನೊಂದು ಪದರವನ್ನು ಹೊದ್ದುಕೊಳ್ಳುತ್ತದೆ. ಅದನ್ನು ಕರಗಿಸುವ ಕಿಣ್ವ ಭತ್ತದಲ್ಲಿಲ್ಲ. ಬ್ಯಾಕ್ಟೀರಿಯಾವೊಂದರಿಂದ ಆ ಕಿಣ್ವದ ವಂಶವಾಹಿಯನ್ನು ತಂದು ಭತ್ತಕ್ಕೆ ಸೇರಿಸಿದಾಗ, ಭತ್ತವೇ ಶಿಲೀಂಧ್ರದ ಹೊದಿಕೆಯನ್ನು ಎಳೆದು ಹಾಕಿತು. ಬೆಂಕಿ ರೋಗಕ್ಕೆ ಗಟ್ಟಿಯಾಗಿ ನಿಂತಿತು. 2012ರಲ್ಲಿ ಪ್ರಕಟವಾದ ಸಂಗತಿ ಇದು. ಕುಲಾಂತರಿ ಬೆಳೆ ಎಂದರೆ ನಮ್ಮಲ್ಲಿ ಎದ್ದು ನಿಲ್ಲುವ ಜಗಳ ಗೊತ್ತೇ ಇದೆ. ಆಹಾರ ಬೆಳೆಯಲ್ಲಿ ಅದು ಬೇಗ ಹೊಲಕ್ಕೆ ಇಳಿಯುವುದಿಲ್ಲ ಎಂಬುದು ನನ್ನ ಎಣಿಕೆ.

ಹೊಲಕ್ಕೆ ಇಳಿದದ್ದು ಹಳೆಯ ದಾರಿಯೇ, ತಳಿಯ ದಾರಿ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಜೀವಮಾನವನ್ನೇ ರಾಗಿಗೆ ಕೊಟ್ಟ ಸಿ.ಎಚ್. ಲಕ್ಷ್ಮಣಯ್ಯ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಳುವರಿ ಕಣ್ಣು ಕುಕ್ಕುವಂತೆ ಏರಿತು. ಆದರೆ ಆ ತಳಿಗಳಲ್ಲಿ ಹಲವು ಬೆಂಕಿ ರೋಗಕ್ಕೆ ಬಗ್ಗುತ್ತಿದ್ದವು. 1990ರ ದಶಕದ ನಡುವೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣದಿಂದ ಜಿಪಿಯು-28 ಬಂತು. ಇಂಡಾಫ್ 5 ಮತ್ತು ಇಂಡಾಫ್ 9ರ ಜೊತೆಗೆ, ರೋಗ ತಡೆಯುವ ಐಇ 1012 ಎಂಬ ಆಕರದ ಅಂಶವನ್ನೂ ಸೇರಿಸಿ ಕಟ್ಟಿದ ತಳಿ ಅದು. ಕುತ್ತಿಗೆ ಬೆಂಕಿಗೆ ಜಗ್ಗದ ಅದು ದಕ್ಷಿಣ ಕರ್ನಾಟಕವನ್ನೆಲ್ಲ ಆವರಿಸಿಕೊಂಡಿತು. ಕೋಲಾರ ಸೀಮೆಯಲ್ಲಿ ಇಂದಿಗೂ ಬೀಜ ಕೇಳಲು ಹೋದವರ ಬಾಯಲ್ಲಿ ಮೊದಲು ಬರುವ ಸಂಖ್ಯೆ ಇಪ್ಪತ್ತೆಂಟೇ. ಪ್ರೋಟೀನಿನ ಮೇಲಿನ ಸಕ್ಕರೆಯ ಮಾತನ್ನೇ ಆಡದೆ, ಹೊಲದಲ್ಲಿ ಸಾಲು ಸಾಲಾಗಿ ಆರಿಸಿದವರ ಕೆಲಸ ಇದು. ಸಕ್ಕರೆಯ ವಿಜ್ಞಾನವನ್ನು ನಾನು ಮೆಚ್ಚುವುದು ಇದಕ್ಕೆ ಬದಲಿಯಾಗಿ ಅಲ್ಲ. ಗಿಡ ಯಾವುದನ್ನು ಗುರುತಿಸಿ ಎಚ್ಚರಗೊಳ್ಳುತ್ತದೆ, ಶಿಲೀಂಧ್ರ ಯಾವುದನ್ನು ಮುಚ್ಚಿಡುತ್ತದೆ ಎಂದು ತಿಳಿದರೆ ಆರಿಸುವ ಕಣ್ಣು ಚುರುಕಾಗುತ್ತದೆ.

ಅದಕ್ಕೆ ಬೇಕಾದ ಇನ್ನೊಂದು ಪುಸ್ತಕ ಬೆಂಗಳೂರಿನಲ್ಲೇ ತೆರೆದಿದೆ. ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು 2017ರಲ್ಲಿ ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನು ಪ್ರಕಟಿಸಿದರು. ಅದರಲ್ಲಿ ಅವರು ಗುರುತಿಸಿದ ವಂಶವಾಹಿಗಳು 85 ಸಾವಿರಕ್ಕೂ ಹೆಚ್ಚು. ರಾಗಿ ಎರಡು ಪೂರ್ವಜರ ಜೀನೋಮನ್ನು ಒಟ್ಟಿಗೆ ಹೊತ್ತಿರುವುದರಿಂದ ಇಷ್ಟು ದೊಡ್ಡ ಸಂಖ್ಯೆ. ಭತ್ತದಲ್ಲಿ ಕಂಡ ಕೈಟಿನ್ ಗ್ರಾಹಕದ ಬಂಧುಗಳನ್ನು ರಾಗಿಯಲ್ಲಿ ಹುಡುಕಬೇಕೆಂದವರು ಈಗ ಕತ್ತಲಲ್ಲಿ ತಡಕಾಡಬೇಕಿಲ್ಲ.

ಅಷ್ಟರಲ್ಲಿ ಹೊಲದಲ್ಲಿ ಮಾಡಬಹುದಾದ್ದು ಕೆಲವಿದೆ. ಯೂರಿಯಾ ಅತಿಯಾದ ಹೊಲ ಕಡುಹಸಿರಾಗಿ ಕಂಗೊಳಿಸಿದರೂ ಬೆಂಕಿ ರೋಗಕ್ಕೆ ಮೊದಲು ಸಿಗುವುದೂ ಅದೇ. ರೋಗದ ಹೊಲದ ತೆನೆಯನ್ನು ಬೀಜಕ್ಕೆ ಎತ್ತಿಡಬಾರದು; ಶಿಲೀಂಧ್ರ ಬೀಜದಲ್ಲೂ, ಹುಲ್ಲಿನಲ್ಲೂ, ಬದುವಿನ ಕಳೆಗಳಲ್ಲೂ ಮುಂದಿನ ಮಳೆಗಾಲದವರೆಗೆ ಉಳಿದಿರಬಲ್ಲದು. ಬೀಜೋಪಚಾರ ಮಾಡದೆ ಬಿತ್ತಬಾರದು. ಔಷಧಿ ಹೊಡೆಯಲೇಬೇಕಾದರೆ ತೆನೆ ಹೊಡೆಯಿಂದ ಹೊರಬರುವ ಹೊತ್ತಿಗೆ, ಮೋಡ ಕವಿದು ಇಬ್ಬನಿ ಬೀಳುವ ದಿನಗಳನ್ನು ನೋಡಿಕೊಂಡು ಹೊಡೆಯಬೇಕು. ಯಾವ ಔಷಧಿ, ಎಷ್ಟು ಎಂಬುದನ್ನು ಅಂಗಡಿಯಲ್ಲಿ ಕೇಳುವ ಬದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವುದು ಮೇಲು; ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತದೆ.